ಆರು ತಿಂಗಳ ದಗದ: ಮಾದನಹಿಪ್ಪರಗಾ ಸೀಮೆಯ ನಿರುದ್ಯೋಗದ ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಿರುದ್ಯೋಗಕ್ಕೆ ತನ್ನದೇ ಪಂಚಾಂಗವಿದೆ. ಮೃಗಶಿರಾ ಮಳೆ ಹದವಾಗಿ ಬಿದ್ದರೆ ತೊಗರಿ, ಹೆಸರು, ಉದ್ದು, ಹತ್ತಿ ಭೂಮಿಗೆ ಬೀಳುತ್ತವೆ. ಶ್ರಾವಣ ಭಾದ್ರಪದದಲ್ಲಿ ಕಳೆ ತೆಗೆಯುವ ಕೆಲಸ, ದಸರೆಯ ಹೊತ್ತಿಗೆ ಹಿಂಗಾರಿ ಜೋಳ ಕಡಲೆಯ ಬಿತ್ತನೆ, ದೀಪಾವಳಿಯ ನಂತರ ಹತ್ತಿ ಬಿಡಿಸುವುದು, ಪುಷ್ಯ ಮಾಘದಲ್ಲಿ ತೊಗರಿ ರಾಶಿ, ಆಮೇಲೆ ಜೋಳದ ಕೊಯ್ಲು. ಈ ದಿನಗಳಲ್ಲಿ ಆಳು ಸಿಗುವುದೇ ಕಷ್ಟ, ಕೂಲಿ ಏರುತ್ತದೆ. ಶಿವರಾತ್ರಿ ಕಳೆದು ಯುಗಾದಿ ಬಂತೆಂದರೆ ಹೊಲಗಳು ಬರಿದಾಗುತ್ತವೆ. ಅಲ್ಲಿಂದ ಮುಂದಿನ ಮಳೆಯವರೆಗೆ ಊರಿನ ಮಾತಿನಲ್ಲಿ ಹೇಳುವುದಾದರೆ ದಗದ, ಅಂದರೆ ಕೆಲಸ, ಇಲ್ಲ. ವರ್ಷದ ಹೆಚ್ಚಿನ ಭಾಗ ದುಡಿದವನನ್ನು ಉದ್ಯೋಗಸ್ಥನೆಂದೇ ಲೆಕ್ಕ ಹಿಡಿಯುವ ಸಮೀಕ್ಷೆಗಳಲ್ಲಿ ಈ ಖಾಲಿ ತಿಂಗಳುಗಳು ಕಾಣಿಸುವುದಿಲ್ಲ. ಒಂದೊಂದು ದಿನವನ್ನೂ ಎಣಿಸುವ ಲೆಕ್ಕದಲ್ಲಿ ಮಾತ್ರ ಅವು ಮೇಲೆ ಬರುತ್ತವೆ. ಈ ಸೀಮೆಯ ನಿರುದ್ಯೋಗಕ್ಕೆ ಸೂಚಿಸಿದ ಪರಿಹಾರಗಳಲ್ಲಿ ಅನೇಕವು ಸೋತಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಕೆಲಸ ಯಾವ ತಿಂಗಳಲ್ಲಿ ಬೇಕು, ಯಾವ ಊರಿನಲ್ಲಿ ಬೇಕು ಎಂಬುದನ್ನು ಅವು ಕೇಳಲಿಲ್ಲ.

ಮಾದನಹಿಪ್ಪರಗಾ ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರ. ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಗಡಿ ಅದಕ್ಕೆ ಸಮೀಪದಲ್ಲೇ ಇದೆ. ಗಡಿಯ ಆ ಬದಿಯ ದುಧನಿಯ ಪೇಟೆ, ಅಲ್ಲಿನ ರೈಲು ನಿಲ್ದಾಣ ಈ ಕಡೆಯ ಹಳ್ಳಿಗಳಿಗೂ ಬಳಕೆಯವು. ಆಳಂದದಲ್ಲಿ ಹುಟ್ಟುವ ಅಮರ್ಜಾ ಹೊಳೆ ತೆಂಕಣಕ್ಕೆ ಹರಿದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆಯನ್ನು ದಾಟಿದರೆ ಜೇವರ್ಗಿ. ಆಳಂದ, ಅಫಜಲಪುರಗಳ ನೆಲದಡಿ ಇರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ, ಅದರ ಮೇಲೆ ಎರೆ ಮಣ್ಣು. ಜೇವರ್ಗಿಯಿಂದ ಮೂಡಣಕ್ಕೆ, ಶಹಾಬಾದ್, ಚಿತ್ತಾಪುರ, ಸೇಡಂಗಳತ್ತ ಸುಣ್ಣಕಲ್ಲಿನ ಪದರ ಹರಡಿದೆ. ಜಿಲ್ಲೆಯ ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳೆಲ್ಲ ವಾಡಿ, ಶಹಾಬಾದ್, ಮಳಖೇಡ, ಸೇಡಂ ಕಡೆಗೇ ಬೆಳೆದದ್ದು ಇದರಿಂದ. ಪಶ್ಚಿಮದ ತಾಲ್ಲೂಕುಗಳಿಗೆ ಉಳಿದದ್ದು ಎರೆ ಭೂಮಿ ಮತ್ತು ನಂಬಲಾಗದ ಮಳೆ. ಎರೆ ಮಣ್ಣು ತೇವವನ್ನು ಬಹಳ ದಿನ ಹಿಡಿದಿಡುತ್ತದೆ. ಆದ್ದರಿಂದಲೇ ನೀರಾವರಿ ಇಲ್ಲದೆ ಸಾಮಾನ್ಯವಾಗಿ ಒಂದು ಬೆಳೆ ಬರುತ್ತದೆ, ಎರಡನೆಯದು ಬರುವುದು ಅಪರೂಪ.

ಬೇಸಾಯದ ಈ ಬಿಡುವನ್ನು ಹಿಂದೆ ಇತರ ಕಸುಬುಗಳು ತುಂಬುತ್ತಿದ್ದವು. ಬಡಿಗ, ಕಂಬಾರ, ಕುಂಬಾರ, ಚಮ್ಮಾರರು ರೈತನ ಕಣದಲ್ಲಿ ದವಸದ ಪಾಲಾದ ಆಯ ಪಡೆದು ವರ್ಷವಿಡೀ ದುಡಿಯುತ್ತಿದ್ದರು. ಕುರುಬರು ಕಂಬಳಿ ನೇಯುತ್ತಿದ್ದರು, ಗಾಣಿಗರು ಕುಸುಬಿ ಎಣ್ಣೆ ತೆಗೆಯುತ್ತಿದ್ದರು, ನೇಕಾರರು ಒರಟು ಸೀರೆ, ಧೋತರ ನೇಯುತ್ತಿದ್ದರು. ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನನ್ನೆಲ್ಲ ಸುತ್ತುತ್ತಿದ್ದರು. ಈ ವ್ಯವಸ್ಥೆಯನ್ನು ಹೊಗಳುವ ಅಗತ್ಯವಿಲ್ಲ. ಆಯ ಜಾತಿಗೆ ಕಟ್ಟಿದ ಗಂಟಾಗಿತ್ತು, ಅದರ ತಳದಲ್ಲಿದ್ದ ದಲಿತರ ಪಾಲಿಗೆ ಬಂದದ್ದು ಹೆಚ್ಚಾಗಿ ಬಿಟ್ಟಿ ದುಡಿಮೆ. ಆದರೂ ದುಡಿಮೆಯ ದಾರಿ ಒಂದೇ ಆಗಿರಲಿಲ್ಲ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೊಲ್ಲಾಪುರಕ್ಕೂ 1871ರಲ್ಲಿ ರಾಯಚೂರಿಗೂ ಮುಟ್ಟಿತು. ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್, ವಾಡಿ ಈ ದಾರಿಯ ನಿಲ್ದಾಣಗಳು. ಎರೆ ಭೂಮಿಯ ಹತ್ತಿ ಮುಂಬಯಿಗೆ ಹೋಗತೊಡಗಿತು, ಮುಂಬಯಿಯ ಗಿರಣಿ ಬಟ್ಟೆ ಈ ಕಡೆಗೆ ಬರತೊಡಗಿತು. ಕೈಮಗ್ಗದ ಒರಟು ಬಟ್ಟೆಗೆ ಕೇಳುವವರು ಕಡಿಮೆಯಾದರು. ಎಲ್ಲರಿಗಿಂತ ಹೆಚ್ಚು ನಷ್ಟಕ್ಕೆ ಸಿಕ್ಕವರು ಲಂಬಾಣಿಗಳು. ಎತ್ತಿನ ಸಾಗಾಟವನ್ನು ರೈಲು ಕಸಿದುಕೊಂಡಿತು. ಅದೇ 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಸಂಶಯದ ಕಣ್ಣಿಗೆ ಒಡ್ಡಿತು, ಇಂಥ ಕಾನೂನುಗಳ ನೆರಳು ಸಂಸ್ಥಾನಗಳಿಗೂ ಚಾಚಿತು. ಕಸುಬು ಕಳೆದುಕೊಂಡವರು ಊರಿಂದ ದೂರದ ಗುಡ್ಡದ ಅಂಚುಗಳಲ್ಲಿ ತಾಂಡಾ ಕಟ್ಟಿ ನೆಲೆಸಿದರು. ಸಿಕ್ಕಿದ್ದು ಕಲ್ಲು ನೆಲ, ಅದೂ ಎಲ್ಲರಿಗೂ ಸಿಗಲಿಲ್ಲ. ಇಂದು ಆಳಂದ ಮತ್ತು ಅಫಜಲಪುರದ ತಾಂಡಾಗಳಿಂದ ಹೊರಡುವ ಗುಳೆಯ ಮೂಲ ಹುಡುಕಿದರೆ ಈ ಕಾಲಕ್ಕೇ ಬಂದು ನಿಲ್ಲುತ್ತದೆ.

ಈ ಸೀಮೆ ಆಗ ಹೈದರಾಬಾದ್ ನಿಜಾಮರ ರಾಜ್ಯಕ್ಕೆ ಸೇರಿತ್ತು. ರಾಜ್ಯದ ಸುಮಾರು ಶೇ. 40ರಷ್ಟು ನೆಲ ಜಾಗೀರು, ಶ್ರೀಮಂತ ಮನೆತನಗಳ ಪಾಯಗಾ ಮತ್ತು ನಿಜಾಮರ ಸ್ವಂತ ಸರ್ಫೆಖಾಸ್‌ಗಳಲ್ಲಿ ಹಂಚಿಹೋಗಿತ್ತು. ಕಲಬುರಗಿ ಸೀಮೆಯಲ್ಲಿ ಪಾಯಗಾ, ಜಾಗೀರುಗಳ ಹಳ್ಳಿಗಳು ಬಹಳ. ಕಂದಾಯ ಹೈದರಾಬಾದಿನ ಶ್ರೀಮಂತರ ದೇವಡಿಗಳಿಗೆ ಹೋಗುತ್ತಿತ್ತು. ಕೆರೆ, ಕಾಲುವೆ, ರಸ್ತೆಗಳ ರೂಪದಲ್ಲಿ ಅದು ಹಿಂದಿರುಗಿದ್ದು ಅಲ್ಪ. ರಾಜ್ಯದ ಗಡಿಯಲ್ಲಿ ಸುಂಕದ ಕಟ್ಟೆಗಳಿದ್ದು, ಒಳಬರುವ, ಹೊರಹೋಗುವ ಸರಕಿಗೆ ಶೇ. 5ರ ಸುಂಕ ಬೀಳುತ್ತಿತ್ತು. ಮಾದನಹಿಪ್ಪರಗಾದಂಥ ಗಡಿ ಊರಿಗೆ ಅಕ್ಕಲಕೋಟೆ ಸಂಸ್ಥಾನದ ಪೇಟೆ ಹತ್ತಿರವಾದರೂ ಪರದೇಶವಾಗಿತ್ತು.

ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಮರು ವರ್ಷ ಬಂದ ಮುಲ್ಕಿ ನಿಯಮಗಳು ರಾಜ್ಯದ ನೌಕರಿಯನ್ನು ರಾಜ್ಯದಲ್ಲಿ ಹುಟ್ಟಿದವರಿಗೆ ಅಥವಾ 15 ವರ್ಷ ನೆಲೆಸಿದವರಿಗೆ ಮೀಸಲಿಟ್ಟವು. ಉತ್ತರ ಹಿಂದೂಸ್ಥಾನದಿಂದ ಬಂದವರೇ ಹುದ್ದೆ ಹಿಡಿಯುತ್ತಾರೆಂಬ ಅಸಮಾಧಾನಕ್ಕೆ ಇದು ಉತ್ತರವಾಗಿತ್ತು. ನಿರುದ್ಯೋಗಕ್ಕೆ ಮೀಸಲಾತಿಯ ಮೂಲಕ ಪರಿಹಾರ ಹುಡುಕುವ ಕ್ರಮ ಈ ಭಾಗದಲ್ಲಿ ಅಷ್ಟು ಹಳೆಯದು. ಆದರೆ ನಿಯಮದ ಲಾಭ ಹೋದದ್ದು ಉರ್ದು ಬಲ್ಲವರಿಗೆ, ಅದರಲ್ಲೂ ಹೈದರಾಬಾದ್ ನಗರದವರಿಗೆ. ಕನ್ನಡ ಶಾಲೆ ಎಂಬುದೇ ಅಪರೂಪವಾಗಿದ್ದ ಹಳ್ಳಿಗಳಲ್ಲಿ ಅರ್ಜಿ ಬರೆಯಬಲ್ಲವರೇ ಇರಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ ಈ ಕತ್ತಲೆಯಲ್ಲಿ ಹಚ್ಚಿದ ಕೆಲವೇ ದೀಪಗಳಲ್ಲಿ ಒಂದು.

ಹೊಲ ಬಿಟ್ಟರೆ ಗಿರಣಿ ಎಂಬ ಆಸೆ ಹುಟ್ಟಿದ್ದೂ ರೈಲು ಬಂದ ಆ ಕಾಲದಲ್ಲೇ. ಸೊಲ್ಲಾಪುರದ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್, ಜನರ ಬಾಯಲ್ಲಿ ಜೂನಿ ಮಿಲ್, 1877ರಲ್ಲಿ ಶುರುವಾಯಿತು. ಆ ವರ್ಷಗಳು ದಕ್ಷಿಣ ಭಾರತದ ಮಹಾ ಬರದ ವರ್ಷಗಳು. ಹಸಿದು ಬಂದವರ ಕೈಗಳು ಗಿರಣಿಗೆ ಸುಲಭವಾಗಿ ಸಿಕ್ಕವು. ಮುಂದೆ ಸೊಲ್ಲಾಪುರದಲ್ಲಿ ಇನ್ನಷ್ಟು ಗಿರಣಿಗಳು ಎದ್ದವು, ಕಲಬುರಗಿಯಲ್ಲಿ 1880ರ ದಶಕದಲ್ಲಿ ಮಹಬೂಬ್ ಶಾಹಿ ಗಿರಣಿ ಬಂತು. ಹತ್ತಿ ಬೆಳೆಯುವ ನೆಲದಲ್ಲೇ ನೂಲು ತೆಗೆದು ಬಟ್ಟೆ ಮಾಡಿದರೆ ಕೂಲಿ ಊರಲ್ಲೇ ಉಳಿಯುತ್ತದೆಂಬ ಎಣಿಕೆ ಸರಿಯಾದದ್ದೇ. ಹಳ್ಳಿಯಿಂದ ಒಬ್ಬ ಗಿರಣಿ ಸೇರಿದರೆ ಮನೆಗೆ ತಿಂಗಳ ಪಗಾರ ಬರುತ್ತಿತ್ತು, ಹಬ್ಬಕ್ಕೆ ಬಟ್ಟೆ ಬರುತ್ತಿತ್ತು, ನಂಟರ ಹುಡುಗನಿಗೂ ಕೆಲಸ ಸಿಗುತ್ತಿತ್ತು. ಈ ದಾರಿಯೂ ಉಳಿಯಲಿಲ್ಲ. ಜೂನಿ ಮಿಲ್ 1960ರ ದಶಕದಲ್ಲಿ ನಿಂತಿತು. ಸೊಲ್ಲಾಪುರದ ಉಳಿದ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಲಬುರಗಿಯ ಗಿರಣಿ ಸರ್ಕಾರದ ಕೈಗೆ ಬಂದರೂ ಶತಮಾನದ ಕೊನೆಯವರೆಗೆ ಬಾಳಲಿಲ್ಲ. ಎಂಎಸ್‌ಕೆ ಮಿಲ್ ಎಂಬ ಬಡಾವಣೆಯ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ. ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಹಣ ಹೂಡದ ಆಡಳಿತ ಎಲ್ಲ ಸೇರಿ ಗಿರಣಿಗಳನ್ನು ಕೊಂದವು. ಗಿರಣಿ ಹೋದ ಮೇಲೆ ಈ ಸೀಮೆಯ ಜನಕ್ಕೆ ನಗರದಲ್ಲಿ ಸಿಕ್ಕಿದ್ದು ದಿನಗೂಲಿ ಮಾತ್ರ. ಕಾಯಂ ಪಗಾರ ಮತ್ತೆ ಬರಲಿಲ್ಲ.

1947-48ರಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯಲ್ಲಿ ಗಡಿಯ ಅನೇಕ ಕುಟುಂಬಗಳು ಮನೆಮಾರು ಬಿಟ್ಟು ಸೊಲ್ಲಾಪುರ ಸೀಮೆಗೆ ಓಡಿದವು. ಬಿತ್ತನೆ ತಪ್ಪಿತು, ದನಕರು ಹೋದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ಮರು ವರ್ಷವೇ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯ್ದೆ ಬಂತು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯದ ಭಾಗವಾಯಿತು. ಕನ್ನಡವೇ ಮನೆಮಾತಾಗಿದ್ದ ಅಕ್ಕಲಕೋಟೆ ಮಾತ್ರ ಆ ಕಡೆ ಉಳಿಯಿತು. ಅದನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಶಿಫಾರಸು ಮಾಡಿತು. ವರದಿ ಜಾರಿಗೆ ಬರಲಿಲ್ಲ. ಭೂಸುಧಾರಣೆ 1974ರ ತಿದ್ದುಪಡಿಯಿಂದ ಚುರುಕಾಯಿತಾದರೂ ಮಳೆಯಾಶ್ರಿತ ಭೂಮಿಗೆ ಒಂದು ಕುಟುಂಬಕ್ಕೆ 54 ಎಕರೆಯವರೆಗೆ ಮಿತಿ ಇತ್ತು. ಕರಾವಳಿ, ಮಲೆನಾಡುಗಳಲ್ಲಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಕಾನೂನು ಎರೆ ಸೀಮೆಯ ಭೂಹೀನ ಕೂಲಿಯ ಕೈಗೆ ನೆಲ ಕೊಟ್ಟದ್ದು ಕಡಿಮೆ. ಅವನು ಗೇಣಿದಾರನಾಗಿರಲಿಲ್ಲ, ಸಾಲದ ಲೆಕ್ಕದಲ್ಲಿ ಇನ್ನೊಬ್ಬರ ಮನೆಯಲ್ಲಿ ವರ್ಷಪೂರ್ತಿ ದುಡಿಯುವ ಆಳಾಗಿದ್ದ. ಜೀತ ಪದ್ಧತಿ 1976ರಲ್ಲಿ ಕಾನೂನಿನಂತೆ ರದ್ದಾಯಿತು. ಬಿಡುಗಡೆಯಾದ ಆಳಿಗೆ ಬೇಸಿಗೆಯ ಕೆಲಸ ಯಾರು ಕೊಡಬೇಕೆಂಬುದನ್ನು ಆ ಕಾನೂನು ಹೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಗಡಿಯ ಆಚೆ. 1972ರ ಬರ ಕಲಬುರಗಿ, ವಿಜಯಪುರಗಳನ್ನೂ ಮಹಾರಾಷ್ಟ್ರದ ಒಣ ಜಿಲ್ಲೆಗಳನ್ನೂ ಒಟ್ಟಿಗೆ ಸುಟ್ಟಿತು. ಎರಡೂ ಕಡೆ ಬರಗಾಲದ ಕಾಮಗಾರಿಗಳು ತೆರೆದವು, ಜನ ಕಲ್ಲು ಒಡೆದರು, ರಸ್ತೆಗೆ ಮಣ್ಣು ಹೊತ್ತರು. ಬರ ತೀರಿದ ಮೇಲೆ ಕರ್ನಾಟಕದ ಕಾಮಗಾರಿಗಳು ನಿಂತವು. ಮಹಾರಾಷ್ಟ್ರ ಮಾತ್ರ ಇಂಥ ಕೆಲಸವನ್ನು ಶಾಶ್ವತ ಹಕ್ಕಾಗಿ ಮಾಡಿತು. ಅಲ್ಲಿನ ನಾಯಕ ವಿ. ಎಸ್. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾನೂನಿನ ಬಲ ಬಂತು, 1979ರ ಜನವರಿ 26ರಿಂದ ಅದು ಜಾರಿಯಾಯಿತು. ಹಣಕ್ಕಾಗಿ ನಗರದ ಪಗಾರದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ಹೀಗೆ ಅಕ್ಕಲಕೋಟೆಯ ಕೂಲಿಗೆ ಕೆಲಸ ಕೇಳುವ ಹಕ್ಕು ಬಂತು. ಒಂದೇ ಮಣ್ಣು, ಒಂದೇ ಮಾತು, ಒಂದೇ ಬರ ಇದ್ದ ಮಾದನಹಿಪ್ಪರಗಾದ ಕೂಲಿಗೆ ಆ ಹಕ್ಕು ಬರಲು 2006ರವರೆಗೆ ಕಾಯಬೇಕಾಯಿತು. ನಡುವೆ ಕೂಲಿಗಾಗಿ ಕಾಳು, ಜವಾಹರ ರೋಜಗಾರ್ ಮೊದಲಾದ ಕೇಂದ್ರದ ಯೋಜನೆಗಳು ಬಂದುಹೋದವು. ಹಣ ಬಂದಾಗ ಕೆಲಸ ಸಿಗುತ್ತಿತ್ತು. ಅದನ್ನು ಹಕ್ಕಾಗಿ ಕೇಳುವಂತಿರಲಿಲ್ಲ.

ನೀರಾವರಿಯೇ ನಿಜವಾದ ಮದ್ದೆಂದು ಮೊದಲಿಂದ ಹೇಳಿದವರು ಬಹಳ. ಆಳಂದದ ಕೊರಳ್ಳಿಯ ಹತ್ತಿರ ಅಮರ್ಜಾ ಅಣೆಕಟ್ಟೆ, ಅಫಜಲಪುರದ ಸೊನ್ನದಲ್ಲಿ ಭೀಮಾ ಏತ ನೀರಾವರಿಯ ಬ್ಯಾರೇಜು, ಜೇವರ್ಗಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯ ಶಾಖೆ ಬಂದವು. ನೀರು ತಲುಪಿದ ಹೊಲದಲ್ಲಿ ಎರಡನೆಯ ಬೆಳೆ ನಿಂತಿತು, ಯುಗಾದಿಯ ನಂತರವೂ ದಗದ ಸಿಕ್ಕಿತು. ಆದರೆ ಮೂರರ ಭಾಗ್ಯವೂ ಒಂದೇ ಅಲ್ಲ. ಅಮರ್ಜಾ ಚಿಕ್ಕ ಹೊಳೆ, ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. ಭೀಮೆಯ ಹರಿವು ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯ ಕೈಯಲ್ಲಿದೆ. ಬೇಸಿಗೆಯಲ್ಲಿ ಬರಿದಾಗುವ ನದಿ 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಗಳ ಹಳ್ಳಿಗಳನ್ನು ಮುಳುಗಿಸಿತು. ಸಿಕ್ಕ ನೀರು ಹೆಚ್ಚಾಗಿ ಕಬ್ಬಿಗೆ ಹೋಯಿತು. ಆಳಂದದ ಭೂಸನೂರು, ಅಫಜಲಪುರದ ಹವಳಗಾ, ಜೇವರ್ಗಿಯ ಮಳ್ಳಿ ಭಾಗಗಳಲ್ಲಿ ಸಕ್ಕರೆ ಕಾರ್ಖಾನೆಗಳು ನಿಂತವು. ಕಾರ್ಖಾನೆಯ ಒಳಗೆ ಸಿಗುವ ಕಾಯಂ ನೌಕರಿ ಕೆಲವರದು. ಹೊರಗಿನ ದೊಡ್ಡ ಕೆಲಸವಾದ ಕಬ್ಬು ಕಡಿತ ಕೂಲಿಗಳ ಗುತ್ತಿಗೆದಾರನಾದ ಮುಕಾದಮನ ಮುಂಗಡಕ್ಕೆ ಸಿಕ್ಕಿದ ಟೋಳಿಗಳ ಪಾಲು. ಒಂದು ಎಕರೆ ಕಬ್ಬಿಗೆ ಬೇಕಾಗುವ ನೀರಿನಲ್ಲಿ ಹಲವು ಎಕರೆ ಜೋಳ, ಶೇಂಗಾ, ಕಡಲೆಯನ್ನು ಕಾಪಾಡಬಹುದಿತ್ತು. ದುಡಿಮೆಯ ದಿನಗಳ ಲೆಕ್ಕದಲ್ಲಿ ನೋಡಿದರೆ ನೀರನ್ನು ಹಂಚಿ ಕೊಡುವುದೇ ಲೇಸಾಗಿತ್ತು.

ಒಣ ಭೂಮಿಯಲ್ಲಿ ಈ ಹೊತ್ತಿಗೆ ತೊಗರಿ ರಾಜನಾಗಿತ್ತು. ಹಿಂಗಾರಿ ಜೋಳ, ಕುಸುಬಿ, ಅಗಸೆಗಳಿದ್ದ ಎರೆಯಲ್ಲಿ ತೊಗರಿ ಹಬ್ಬಿ ಜಿಲ್ಲೆಗೆ ತೊಗರಿಯ ಕಣಜವೆಂಬ ಹೆಸರು ಬಂತು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಒಂದೇ ಬೆಳೆಯನ್ನು ನೆಚ್ಚಿದ್ದರ ಬೆಲೆ 1997-98ರಲ್ಲಿ ಗೊತ್ತಾಯಿತು. ಕಾಯಿಕೊರಕ ಹುಳು ಬೆಳೆಯನ್ನೆಲ್ಲ ತಿಂದಿತು, ಸಾಲದ ರೈತರು ಪ್ರಾಣ ಕಳೆದುಕೊಂಡರು. ಇತ್ತೀಚೆಗೆ ನೆಟೆ ರೋಗ ಅದೇ ರೀತಿ ಕಾಡಿದೆ. 2015ರಲ್ಲಿ ಕ್ವಿಂಟಲಿಗೆ 10,000 ರೂಪಾಯಿ ದಾಟಿದ ದರ, ರೈತರು ಹೆಚ್ಚು ಬಿತ್ತಿ ಆಮದೂ ಬಂದ 2016-17ರಲ್ಲಿ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರೈತನ ಕೈ ಖಾಲಿಯಾದ ವರ್ಷ ಕೂಲಿಯ ದಿನಗಳೂ ಕಡಿಮೆಯಾಗುತ್ತವೆ. ಟ್ರ್ಯಾಕ್ಟರ್, ಕಳೆನಾಶಕ, ರಾಶಿ ಯಂತ್ರಗಳು ಉಳಿದ ದಿನಗಳನ್ನೂ ಮೊಟಕು ಮಾಡಿವೆ. ಕಳೆ ತೆಗೆಯುವ ಕೆಲಸ ಬಹುಪಾಲು ಹೆಂಗಸರದಾಗಿದ್ದರಿಂದ ಈ ನಷ್ಟ ಮೊದಲು ತಟ್ಟಿದ್ದು ಅವರಿಗೆ. ತೊಗರಿಯನ್ನು ಬೇಳೆ ಮಾಡುವ ಗಿರಣಿಗಳು ಬೆಳೆದದ್ದು ಕಲಬುರಗಿ ನಗರದ ಸುತ್ತ. ಹೋಬಳಿಗಳಲ್ಲಿ ಅಲ್ಲ.

ಹೀಗೆ ಉಳಿದದ್ದು ಗುಳೆ. ರಾಶಿ ಮುಗಿದ ಮೇಲೆ, ಬರದ ವರ್ಷ ದಸರೆಗೂ ಮೊದಲೇ, ಗಂಡ ಹೆಂಡತಿ ಮಕ್ಕಳು ಜೋಳದ ಹಿಟ್ಟು, ಪಾತ್ರೆ, ಹಾಸಿಗೆ ಕಟ್ಟಿಕೊಂಡು ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿನ ಬಸ್ಸು, ರೈಲು ಹಿಡಿಯುತ್ತಾರೆ. ಕಟ್ಟಡ, ರಸ್ತೆ, ಕೇಬಲ್ ಗುಂಡಿ, ಇಟ್ಟಿಗೆ ಭಟ್ಟಿ ಅವರ ಕೆಲಸದ ಜಾಗಗಳು. ಊರಲ್ಲಿ ಮುದುಕರು ಉಳಿಯುತ್ತಾರೆ. ಮಕ್ಕಳ ಶಾಲೆ ನಡುವಿನಲ್ಲೇ ತಪ್ಪುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದಾಗ ಕಲಬುರಗಿ ಜಿಲ್ಲೆಯದು ಶೇ. 65ನ್ನು ಮುಟ್ಟಿರಲಿಲ್ಲ. ಓದು ತಪ್ಪಿದ ಮಗು ಮುಂದೆ ಅದೇ ಗುಳೆಗೆ ಹೊರಡುತ್ತದೆ. ಒಂದು ತಲೆಮಾರಿನ ನಿರುದ್ಯೋಗ ಮುಂದಿನದಕ್ಕೆ ಬಳುವಳಿಯಾಗುವುದು ಈ ದಾರಿಯಲ್ಲಿ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ನಗರಗಳಿಂದ ಬರಿಗೈಯಲ್ಲಿ ಮರಳಿದವರನ್ನು ಕಂಡಾಗ, ಈ ಹಳ್ಳಿಗಳ ಎಷ್ಟು ದುಡಿಮೆ ಹೊರಗೆ ನಡೆಯುತ್ತಿತ್ತೆಂಬುದು ಸರ್ಕಾರಕ್ಕೂ ಎದ್ದು ಕಂಡಿತು.

ಓದಿದವರ ನಿರುದ್ಯೋಗ ಬೇರೊಂದು ಕಥೆ, ಹೊಸದು ಕೂಡ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಆರಂಭವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಪದವೀಧರರನ್ನು ಕೊಟ್ಟವು. ಅವರನ್ನು ಕೆಲಸಕ್ಕೆ ಕರೆಯುವ ಉದ್ದಿಮೆಗಳು ಅದೇ ವೇಗದಲ್ಲಿ ಬರಲಿಲ್ಲ. ಪದವಿಯ ಮುಂದಿನ ಆಸೆ ಸರ್ಕಾರಿ ನೌಕರಿಯಾಯಿತು. ಜೇವರ್ಗಿಯಿಂದ ಮತ್ತೆ ಮತ್ತೆ ಗೆದ್ದು 2004ರಲ್ಲಿ ಮುಖ್ಯಮಂತ್ರಿಯಾದ ಧರ್ಮಸಿಂಗ್ ಅವರ ನೇತೃತ್ವದ ಸಮಿತಿ 1980ರ ದಶಕದ ಆರಂಭದಲ್ಲೇ ಈ ಭಾಗದ ಹಿಂದುಳಿಕೆಯ ವರದಿ ಕೊಟ್ಟಿತ್ತು. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವೆಂದು ಹೇಳಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ವೈಜನಾಥ ಪಾಟೀಲರಂಥ ಹೋರಾಟಗಾರರು ಬಹುಕಾಲ ಕೇಳಿದ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ 98ನೆಯ ತಿದ್ದುಪಡಿಯಿಂದ ಬಂದು, 2013ರಲ್ಲಿ ಮೀಸಲಾತಿಯ ಆದೇಶಗಳು ಹೊರಟವು. ಸ್ಥಳೀಯ ಹುದ್ದೆಗಳಲ್ಲಿ ಎ, ಬಿ ವರ್ಗಗಳಿಗೆ ಶೇ. 75, ಸಿ ವರ್ಗಕ್ಕೆ ಶೇ. 80, ಡಿ ವರ್ಗಕ್ಕೆ ಶೇ. 85, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ. 8 ಪಾಲು ಈ ಭಾಗದವರಿಗೆ ಸಿಕ್ಕಿತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಇದರ ಫಲ ಕಣ್ಣಿಗೆ ಕಾಣುವಂತಿದೆ. ಆದರೆ ಮೀಸಲಾದ ಹುದ್ದೆ ತುಂಬಿದಾಗಷ್ಟೇ ನೌಕರಿ, ನೇಮಕಾತಿ ತಡವಾದಂತೆ ಅಭ್ಯರ್ಥಿಯ ವಯಸ್ಸು ಮೀರುತ್ತದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಕೆಲಸ ಹುಡುಕುವ ಕಾಲಕ್ಕೆ ಅದು ಆಸರೆ.

ಕೂಲಿಯ ಪಾಲಿಗೆ ದೊಡ್ಡ ತಿರುವು ಬಂದದ್ದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಿಂದ. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಅದು ಶುರುವಾದಾಗ ಕಲಬುರಗಿಯೂ ಅದರಲ್ಲಿತ್ತು. ಕುಟುಂಬಕ್ಕೆ ವರ್ಷಕ್ಕೆ 100 ದಿನ, ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಗಂಡು ಹೆಣ್ಣಿಗೆ ಸಮಾನ ಕೂಲಿ. ಹೊಲದ ಕೂಲಿಯಲ್ಲಿ ಹೆಂಗಸಿಗೆ ಯಾವಾಗಲೂ ಕಡಿಮೆ ಕೊಡುತ್ತಿದ್ದ ಸೀಮೆಯಲ್ಲಿ ಈ ಕೊನೆಯ ಅಂಶದ ತೂಕ ಬಹಳ. ಕೆರೆ ಹೂಳು, ಬದು, ಕೃಷಿ ಹೊಂಡ, ನಾಲಾ ಕೆಲಸಗಳು ಬೇಸಿಗೆಯಲ್ಲೇ ಆಗುವಂಥವಾದ್ದರಿಂದ ಖಾತ್ರಿ ಕೆಲಸ ಸರಿಯಾದ ತಿಂಗಳಿಗೆ ಒದಗಿತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು, ನಗರದ ಗಾರೆ ಕೆಲಸದ ಕೂಲಿ ಅದಕ್ಕಿಂತ ಹೆಚ್ಚು. ಪಾವತಿ ತಡವಾದಾಗ, ಹಾಜರಾತಿಯ ಆ್ಯಪ್ ಕೈಕೊಟ್ಟಾಗ, ಮುಂಗಡ ಹಣ ಮುಂದಿಡುವ ಮುಕಾದಮನೇ ಗೆಲ್ಲುತ್ತಾನೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ತಂದಿತು. 125 ದಿನಗಳ ಕೆಲಸ, ಬಿತ್ತನೆ ಕೊಯ್ಲಿನ ಕಾಲದಲ್ಲಿ 60 ದಿನಗಳವರೆಗೆ ಬಿಡುವು, ವೆಚ್ಚದಲ್ಲಿ ರಾಜ್ಯಕ್ಕೆ ಶೇ. 40ರ ಪಾಲು ಅದರ ಮುಖ್ಯ ಬದಲಾವಣೆಗಳು. ರಾಜ್ಯದ ಬೊಕ್ಕಸ ತಡಮಾಡಿದರೆ ಹೆಚ್ಚಿದ ದಿನಗಳು ಕಾಗದದಲ್ಲೇ ಉಳಿಯುವ ಭಯವಿದೆ.

ಉದ್ದಿಮೆಯ ಕಡೆಯಿಂದ ಬಂದ ಯೋಜನೆಗಳಲ್ಲಿ ಜೇವರ್ಗಿಯ ಆಹಾರ ಪಾರ್ಕ್ ಹಳೆಯದು, 2023ರಲ್ಲಿ ಘೋಷಣೆಯಾದ ಪಿಎಂ ಮಿತ್ರ ಜವಳಿ ಪಾರ್ಕ್ ಹೊಸದು. ಕಲಬುರಗಿಯ ಹೊರವಲಯದಲ್ಲಿ 1,000 ಎಕರೆಯಲ್ಲಿ ಯೋಜಿಸಿದ ಜವಳಿ ಪಾರ್ಕು ಗಿರಣಿ ಕಾಲದ ಆಸೆಯನ್ನು ಮತ್ತೆ ಎತ್ತಿದೆ. ಹತ್ತಿರದ ಜೇವರ್ಗಿ, ಅಫಜಲಪುರಗಳಿಗೆ ಅದು ದಕ್ಕಬೇಕಾದರೆ ಹಳ್ಳಿಯ ಹೆಣ್ಣುಮಕ್ಕಳು ದಿನವೂ ಹೋಗಿಬರಲು ಬಸ್ಸು ಬೇಕು, ಹೊಲಿಗೆಯ ತರಬೇತಿ ತಾಲ್ಲೂಕಿನಲ್ಲೇ ಸಿಗಬೇಕು. ಮಾದನಹಿಪ್ಪರಗಾದಂಥ ದೂರದ ಹೋಬಳಿಗೆ ಹೊಂದುವುದು ಸಣ್ಣ ಉದ್ದಿಮೆಗಳು: ರೈತ ಉತ್ಪಾದಕ ಕಂಪನಿಗಳ ಕೈಯಲ್ಲಿ ಬೇಳೆ ಗಿರಣಿ, ಶೇಂಗಾ ಮತ್ತು ಕುಸುಬಿಯ ಗಾಣ, ಉಗ್ರಾಣ. ತೊಗರಿ ರಾಶಿ ಮುಗಿದ ಮೇಲೆಯೇ ಬೇಳೆ ಗಿರಣಿಯ ಕೆಲಸ ತುಂಬುವುದು. ಖಾಲಿ ಬೇಸಿಗೆಗೆ ಇದಕ್ಕಿಂತ ಹೊಂದುವ ದುಡಿಮೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಗುಳೆ ಪೂರ್ತಿ ನಿಲ್ಲುವ ಸಂಭವ ಹತ್ತಿರದಲ್ಲಿ ಕಾಣುವುದಿಲ್ಲವಾದ್ದರಿಂದ, ಹೋಗುವವರ ಹೆಸರು ಪಂಚಾಯಿತಿಯಲ್ಲಿ ದಾಖಲಾಗುವುದು, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಹಾರಾಷ್ಟ್ರ, ತೆಲಂಗಾಣಗಳಲ್ಲೂ ನಡೆಯುವುದು, ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ರಾಶಿಯ ಕಾಲದಿಂದ ಮಳೆಯವರೆಗೆ ವಸತಿ ನಿಲಯ ನಡೆಸುವುದು ಕೂಡಲೇ ಆಗಬಹುದಾದ ಕೆಲಸಗಳು. ಇಂಥ ಋತುಮಾನದ ವಸತಿ ಶಾಲೆಗಳು ಸರ್ವ ಶಿಕ್ಷಣ ಅಭಿಯಾನದ ಕಾಲದಿಂದಲೂ ನಡೆದಿವೆ. ಅವು ತೆರೆಯುವ ದಿನ ಮಾತ್ರ ಮೊದಲ ಬಸ್ಸು ಹೊರಡುವುದಕ್ಕಿಂತ ಮುಂಚೆ ಇರಬೇಕು.